ಮನೆ ಪ್ರಾರ್ಥನಾ ಕೂಟದಲ್ಲಿ 121ನೇ ಕೀರ್ತನೆ: ಕಾಪಾಡು ಎಂದು ಕೂಡಿ ಕೇಳುವುದು ಹೇಗೆ?

ಮಲೆನಾಡು_ಸಹೋದರಿ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಮುಂದಿನ ತಿಂಗಳ ಕಾಟೇಜ್ ಪ್ರಾರ್ಥನೆಗೆ "ದೇವರ ಸಹಾಯ, ದೇವರ ಕಾವಲು" ಎಂಬ ವಿಷಯ ಬಂದಿದೆ. ವೇದಭಾಗ 121ನೇ ಕೀರ್ತನೆ. ಗುರುವಾರ ಸಂಜೆ, ಒಂದೊಂದು ವಾರ ಒಂದೊಂದು ಮನೆ, ಹತ್ತು ಹನ್ನೆರಡು ಜನ, ಒಂದು ಗಂಟೆ. ಓದು ಬಾರದ ಹಿರಿಯರಿದ್ದಾರೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಬೆಳಗಿನ ಜಾವ ಕಾಫಿ ತೋಟಕ್ಕೆ ನಡೆದು ಹೋಗುವವರಿದ್ದಾರೆ. ಒಂದು ಮನೆಯಲ್ಲಿ ಇತ್ತೀಚೆಗೆ ಸಾವಾಗಿದೆ. ಒಬ್ಬರೇ ಮಾತಾಡಿ ಉಳಿದವರು ಆಮೆನ್ ಅನ್ನುವ ಹಾಗಾಗಬಾರದು. ಸಮಯ ಹೇಗೆ ಹಂಚಬೇಕು, ಕೀರ್ತನೆ ಹೇಗೆ ಓದಿಸಬೇಕು, ಆ ದುಃಖದ ಮನೆಯಲ್ಲಿ ಈ ಭಾಗವನ್ನು ಹೇಗೆ ತೆರೆಯಬೇಕು? ಗೊತ್ತಿರುವವರು ವಿವರವಾಗಿ ಹೇಳಿ.

ವೇದಪಾಠ_ಧಾರವಾಡ

ವಂದನೆ ಸಿಸ್ಟರ್. ಮೊದಲು ಕೀರ್ತನೆಯ ಕಟ್ಟಡ ನೋಡೋಣ, ಓದಿಸುವ ದಾರಿ ಅದರಲ್ಲೇ ಸಿಗುತ್ತದೆ.

120ರಿಂದ 134ರವರೆಗಿನ ಹದಿನೈದು ಯಾತ್ರಾಗೀತೆಗಳಲ್ಲಿ ಇದು ಎರಡನೆಯದು. ಹಬ್ಬಕ್ಕೆ ಯೆರೂಸಲೇಮಿಗೆ ಹತ್ತಿ ಹೋಗುವ ಜನರ ಹಾಡುಗಳಿವು. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ, ಯೆರೂಸಲೇಮ್ ಸುಮಾರು 750 ಮೀಟರ್ ಮೇಲಿದೆ. ಆ ಕಡೆಯಿಂದ ಬರುವವರು ಬೋಳು ಗುಡ್ಡಗಳ ನಡುವೆ ಸಾವಿರ ಮೀಟರ್ ಏರಬೇಕು. ಕಾಲು ಜಾರುವುದು, ಹಗಲಿನ ಬಿಸಿಲು, ರಾತ್ರಿಯ ಹೆದರಿಕೆ ಎಲ್ಲವೂ ಆ ದಾರಿಯವೇ. ಬೆಟ್ಟ ನೋಡಿದವನು ಬೆಟ್ಟದಿಂದ ಸಹಾಯ ಬರುತ್ತದೆ ಅನ್ನುವುದಿಲ್ಲ. ಎಲ್ಲಿಂದ ಬಂದೀತು ಎಂದು ಕೇಳಿ, ಭೂಮ್ಯಾಕಾಶ ಮಾಡಿದವನಿಂದ ಎಂದು ತಾನೇ ಉತ್ತರಿಸುತ್ತಾನೆ.

ಈಗ ಮುಖ್ಯ ವಿಷಯ. ಮೊದಲ ಎರಡು ವಚನಗಳಲ್ಲಿ "ನಾನು" ಇದೆ. ಮೂರನೇ ವಚನದಿಂದ ಎಂಟರ ತನಕ, ಇಸ್ರಾಯೇಲಿನ ಬಗ್ಗೆ ಹೇಳುವ ನಾಲ್ಕನೆಯದು ಬಿಟ್ಟು, "ನೀನು". ಒಬ್ಬನು ಕೇಳುತ್ತಾನೆ, ಪಕ್ಕದಲ್ಲಿ ನಡೆಯುವವರು ಅವನಿಗೆ ಧೈರ್ಯ ಹೇಳುತ್ತಾರೆ. ಹಾಗಾಗಿ ಎಲ್ಲರೂ ಒಟ್ಟಿಗೆ ಗಡಗಡ ಓದಿ ಮುಗಿಸಿದರೆ ಕೀರ್ತನೆಯ ಅರ್ಧ ಬಲ ಹೋಯಿತು. ಕೂಟ ಯಾರ ಮನೆಯಲ್ಲಿದೆಯೋ ಆ ಮನೆಯವರಲ್ಲಿ ಒಬ್ಬರು 1 ಮತ್ತು 2 ಓದಲಿ. ಉಳಿದವರು ಅವರ ಕಡೆ ತಿರುಗಿ, ಅವರ ಮುಖ ನೋಡಿ, 3ರಿಂದ 8 ಹೇಳಲಿ. ಓದು ಬಾರದವರಿಗೆ ಎರಡನೇ ವಚನವನ್ನು ಮೂರು ತುಂಡು ಮಾಡಿ ಮೊದಲೇ ಬಾಯಿಪಾಠ ಮಾಡಿಸಿ. ಅವರು ಅದನ್ನೇ ಪ್ರತಿ ವಿರಾಮದಲ್ಲಿ ಹೇಳಬಹುದು, ಪುಸ್ತಕ ಬೇಕಿಲ್ಲ. ಎಂಟು ವಚನ ಎರಡೆರಡರಂತೆ ನಾಲ್ಕು ಜೋಡಿಯಾಗುತ್ತವೆ. ಪ್ರತಿ ಜೋಡಿಯ ನಂತರ ಅರ್ಧ ನಿಮಿಷ ಮೌನ. ಅರ್ಧ ನಿಮಿಷ ಅಂದರೆ ನಿಜವಾಗಿ ಮೂವತ್ತು ಸೆಕೆಂಡು. ನಡೆಸುವವರಿಗೆ ಅದು ತುಂಬ ಉದ್ದ ಅನ್ನಿಸಿ ಹತ್ತಕ್ಕೇ ಮಾತು ಶುರು ಮಾಡಿಬಿಡುತ್ತಾರೆ, ಗಡಿಯಾರ ನೋಡಿಕೊಳ್ಳಿ.

ಒಂದು ಗಂಟೆಯ ಲೆಕ್ಕ: ಹಾಡು ಮತ್ತು ಕೂತು ಸುಧಾರಿಸಿಕೊಳ್ಳುವುದಕ್ಕೆ ಎಂಟು ನಿಮಿಷ, ಎರಡು ಸಲ ಓದುವುದಕ್ಕೆ ಮೌನ ಸೇರಿ ಹತ್ತು, ಧ್ಯಾನಕ್ಕೆ ಹನ್ನೆರಡು, ಪ್ರಾರ್ಥನಾ ವಿಷಯ ಕೇಳಿ ಬರೆದುಕೊಳ್ಳುವುದಕ್ಕೆ ಐದು, ಪ್ರಾರ್ಥನೆಗೆ ಇಪ್ಪತ್ತು, ಕರ್ತನ ಪ್ರಾರ್ಥನೆ ಮತ್ತು ಆಶೀರ್ವಾದಕ್ಕೆ ಐದು. ಹೆಚ್ಚಿನ ಕಡೆ ಕೆಡುವುದು ಧ್ಯಾನದಲ್ಲಿ. ಹನ್ನೆರಡು ನಿಮಿಷ ನಲವತ್ತಾಗುತ್ತದೆ, ಪ್ರಾರ್ಥನೆಗೆ ಐದು ಉಳಿಯುತ್ತದೆ. ಪ್ರಸಂಗ ಭಾನುವಾರಕ್ಕಿದೆ. ಇಲ್ಲಿ ಎರಡೇ ಪ್ರಶ್ನೆ ಸಾಕು: ಈ ವಾರ ನಿಮ್ಮ ದಾರಿಯಲ್ಲಿ ಕಾಲು ಜಾರುವ ಜಾಗ ಯಾವುದು? ಅಲ್ಲಿ ಯಾವ ವಚನ ನಿಮ್ಮ ಕೈ ಹಿಡಿಯುತ್ತದೆ?

ಹಾಡುಬಳಗ

ಹಾಡಿನ ಬಗ್ಗೆ ಎರಡು ಮಾತು. ಎಲ್ಲರಿಗೂ ಬರುವ ಒಂದೇ ಹಾಡು, ಎರಡು ಚರಣ ಸಾಕು. ಶ್ರುತಿ ತಗ್ಗಿಸಿ ಹಿಡಿಯಿರಿ. ಗಾಯನ ತಂಡದವರು ತಮಗೆ ಒಗ್ಗುವ ಎತ್ತರದಲ್ಲಿ ಶುರು ಮಾಡಿದರೆ ಎರಡನೇ ಸಾಲಿಗೆ ಹಿರಿಯರು ಬಾಯಿ ಮುಚ್ಚುತ್ತಾರೆ. ಹತ್ತು ಜನರ ಕೋಣೆಗೆ ಮೈಕು, ಸ್ಪೀಕರ್ ಯಾವತ್ತೂ ಬೇಡ. ಅಕ್ಕಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಮಲಗಿದವರಿರುತ್ತಾರೆ. ನೆರೆಯವರಿಗೆ ಸಮಾಧಾನವಾಗಿರುವುದೂ ನಮ್ಮ ಸಾಕ್ಷಿಯೇ.

ಕಾವಲುಗೋಪುರ_ಕೊಡಗು

ಧಾರವಾಡದ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸಬೇಕು. ನೆಹೆಮೀಯ 4:9 ಈ ವಿಷಯಕ್ಕೆ ಬೇಕೇಬೇಕು. ಯೆರೂಸಲೇಮಿನ ಗೋಡೆ ಕಟ್ಟುವಾಗ ಶತ್ರುಗಳು ಕೂಡಿ ಬರುತ್ತಾರೆಂಬ ಸುದ್ದಿ ಬಂತು. ಅವರು ದೇವರಿಗೆ ಮೊರೆಯಿಟ್ಟರು, ಹಗಲಿರುಳು ಕಾವಲನ್ನೂ ಇಟ್ಟರು. ಒಂದೇ ವಚನದಲ್ಲಿ ಎರಡೂ ಇವೆ. ಕಾವಲಿಟ್ಟದ್ದರಿಂದ ನಂಬಿಕೆ ಕಡಿಮೆಯಾಯಿತು ಎಂದು ಎಲ್ಲೂ ಬರೆದಿಲ್ಲ.

ಕೂಟದಲ್ಲಿ ಇದನ್ನು ಕೆಲಸಕ್ಕೆ ತರುವುದು ಸುಲಭ. ಪ್ರತಿ ವಿಷಯ ಬರೆದುಕೊಂಡ ಮೇಲೆ "ಇದರಲ್ಲಿ ನಮ್ಮ ಪಾಲಿನ ಕಾವಲು ಯಾವುದು?" ಎಂದು ಒಂದು ಪ್ರಶ್ನೆ ಕೇಳಿ. ನೀವು ಹೇಳಿದ ತೋಟದ ಕೆಲಸದವರನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಬೆಳಗಿನ ಜಾವ ದೊಡ್ಡ ಭಯ ಆನೆ. ದೇವರೇ, ಅವರ ಹೋಗುವಿಕೆ ಬರುವಿಕೆಯನ್ನು ಕಾಯಿ ಎಂದು ಹೆಸರು ಹಿಡಿದು ಪ್ರಾರ್ಥಿಸಿ. ಅದರ ಜೊತೆಗೆ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಕೊಡುವ ಸೂಚನೆಯನ್ನು ಯಾರ ಫೋನಿಗೆ ತರಿಸಿಕೊಳ್ಳುವುದು, ಅದನ್ನು ಉಳಿದವರಿಗೆ ಯಾರು ಮುಟ್ಟಿಸುವುದು, ಬೆಳಕು ಹರಿಯುವ ತನಕ ಒಬ್ಬೊಬ್ಬರೇ ಹೊರಡದೆ ಎಲ್ಲಿ ಸೇರಿ ಹೊರಡುವುದು, ಇಷ್ಟನ್ನು ಅಲ್ಲೇ ತೀರ್ಮಾನಿಸಿ. ಹೆಡ್‌ಫೋನ್ ಹಾಕಿಕೊಂಡು ನಡೆಯಬೇಡಿ ಎಂದು ಹುಡುಗರಿಗೆ ಹೇಳಿ. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಗಾಗಿ ಪ್ರಾರ್ಥಿಸಿದರೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಯಾರು ಕರೆತರುತ್ತಾರೆ ಎಂಬುದೂ ಅದೇ ಪ್ರಾರ್ಥನೆಗೆ ಸೇರಿದ್ದು.

ದಿನದ_ವಾಕ್ಯ

ಕೊಡಗಿನ ಬ್ರದರ್ ಹೇಳಿದ್ದು ಸರಿ, ಆದರೆ ಒಂದು ಆತಂಕ. ಎಲ್ಲದಕ್ಕೂ ಮುನ್ನೆಚ್ಚರಿಕೆ, ಎಲ್ಲದಕ್ಕೂ "ನಿನ್ನ ಚಿತ್ತವಿದ್ದರೆ" ಎಂದು ಸೇರಿಸುತ್ತಾ ಹೋದರೆ ನಂಬಿಕೆಯಿಂದ ಕೇಳಿದ ಹಾಗಾಗುತ್ತದೆಯೇ? 91ನೇ ಕೀರ್ತನೆಯಲ್ಲಿ ಕೇಡು ನಿನ್ನ ಹತ್ತಿರ ಬಾರದು ಎಂದು ಸ್ಪಷ್ಟ ವಾಗ್ದಾನವಿದೆ. ಅದನ್ನು ಹಿಡಿದು ಧೈರ್ಯವಾಗಿ ಕೇಳಬೇಕಲ್ಲವೇ? ಎಷ್ಟೋ ಮನೆಗಳ ಬಾಗಿಲ ಮೇಲೆ, ಗಾಡಿಗಳ ಗಾಜಿನ ಮೇಲೆ ಆ ವಚನ ಇದೆ.

ವೇದಪಾಠ_ಧಾರವಾಡ

ಒಳ್ಳೆಯ ಪ್ರಶ್ನೆ ಬ್ರದರ್. ಧೈರ್ಯವಾಗಿಯೇ ಕೇಳಬೇಕು. ಕುರುಡ ಬಾರ್ತಿಮಾಯನಿಗೆ ಯೇಸು "ನಾನು ನಿನಗೆ ಏನು ಮಾಡಬೇಕು" ಎಂದು ಕೇಳಿದಾಗ ಅವನು ಸುತ್ತಿ ಬಳಸಿ ಮಾತಾಡಲಿಲ್ಲ, ಕಣ್ಣು ಬೇಕು ಅಂದ (ಮಾರ್ಕ 10:51). ಆದ್ದರಿಂದ ಮೊದಲು ಬೇಕಾದ್ದನ್ನು ಬಿಚ್ಚಿ ಕೇಳಿ, ಒಪ್ಪಿಸಿಕೊಡುವುದು ಆಮೇಲೆ. ಯೇಸು ಬಂಧನದ ಮುನ್ನ ಪ್ರಾರ್ಥಿಸಿದ ಗೆತ್ಸೇಮನೆ ತೋಟದಲ್ಲೂ ಅದೇ ಕ್ರಮ: ಈ ಪಾತ್ರೆಯನ್ನು ತೊಲಗಿಸು ಎಂಬ ಬೇಡಿಕೆ ಮೊದಲು, ನಿನ್ನ ಚಿತ್ತದಂತಾಗಲಿ ಎಂಬುದು ನಂತರ. "ಚಿತ್ತವಿದ್ದರೆ" ಎಂಬುದನ್ನು ಶುರುವಿನಲ್ಲೇ ಹಾಕಿ ಕೇಳುವುದನ್ನೇ ಮಸುಕು ಮಾಡಿದರೆ ನೀವು ಹೇಳುವ ತೊಂದರೆ ನಿಜವಾಗಿಯೂ ಬರುತ್ತದೆ.

91ರ ಬಗ್ಗೆ ಮಾತ್ರ ಎಚ್ಚರ ಬೇಕು. ಅರಣ್ಯದ ಶೋಧನೆಯಲ್ಲಿ ಸೈತಾನ ಎತ್ತಿ ಆಡಿದ್ದು ಇದೇ ಕೀರ್ತನೆಯ 11, 12ನೇ ವಚನಗಳನ್ನು. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಅಂದ. ಯೇಸು ಧರ್ಮೋಪದೇಶಕಾಂಡ 6:16 ಹೇಳಿ, ದೇವರನ್ನು ಪರೀಕ್ಷಿಸಬಾರದು ಅಂದರು (ಮತ್ತಾಯ 4:5–7). ವಾಗ್ದಾನ ಸುಳ್ಳು ಎಂದು ಅವರು ಹೇಳಲಿಲ್ಲ. ಅದನ್ನು ಪಣಕ್ಕೆ ಒಡ್ಡಲು ಒಪ್ಪಲಿಲ್ಲ. ಅದೇ ಕೀರ್ತನೆಯ ಕೊನೆಯ ಮೂರು ವಚನಗಳಲ್ಲಿ ದೇವರೇ ಮಾತಾಡುತ್ತಾರೆ, 15ರಲ್ಲಿ ಇಕ್ಕಟ್ಟಿನಲ್ಲಿ ಅವನ ಜೊತೆ ಇರುತ್ತೇನೆ ಅನ್ನುತ್ತಾರೆ. ಇಕ್ಕಟ್ಟೇ ಬರುವುದಿಲ್ಲ ಎಂದಿದ್ದರೆ ಆ ಮಾತಿಗೆ ಜಾಗವೇ ಇರುತ್ತಿರಲಿಲ್ಲ. ಹಾಗಾಗಿ ಕೂಟದಲ್ಲಿ 91 ಓದುವುದಾದರೆ ಹದಿನಾರೂ ವಚನ ಓದಿ, ಎರಡು ವಚನ ಕತ್ತರಿಸಿ ತಾಯಿತದ ಹಾಗೆ ಹಿಡಿಯಬೇಡಿ. ಗಾಜಿನ ಮೇಲೆ ವಚನ ಇರಲಿ, ತಲೆಯ ಮೇಲೆ ಹೆಲ್ಮೆಟ್ಟೂ ಇರಲಿ.

ಜಪಸರ_ಮಂಗಳೂರು

ಕಥೋಲಿಕರ ಕಡೆಯಿಂದ ಒಂದು ಸೇರ್ಪಡೆ. ರಾತ್ರಿ ಮಲಗುವ ಮುನ್ನದ ಪ್ರಾರ್ಥನೆಗೆ 91ನೇ ಕೀರ್ತನೆ ಬಹಳ ಹಳೆಯ ಜೊತೆ. ಆರನೇ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದಲ್ಲಿ ಪ್ರತಿ ರಾತ್ರಿ 4, 91, 134 ಈ ಮೂರೂ ಹೇಳಬೇಕೆಂದಿದೆ. ಸ್ಥಿರ ಕೀರ್ತನೆಗಳಾದ್ದರಿಂದ ಸನ್ಯಾಸಿಗಳಿಗೆ ಕತ್ತಲಲ್ಲೂ ಬಾಯಿಗೆ ಬರುತ್ತಿದ್ದವು. ಮನೆಯಲ್ಲಿ ಇಷ್ಟು ಮಾಡಬಹುದು: ದೀಪ ಆರಿಸುವ ಮುನ್ನ ಒಂದು ನಿಮಿಷ ಆ ದಿನವನ್ನು ನೆನೆದು ಕ್ಷಮೆ ಕೇಳುವುದು, ಒಂದು ಕೀರ್ತನೆ, ಲೂಕ 2:29–32ರ ಸಿಮೆಯೋನನ ಗೀತೆ, ಪ್ರಭು ಕಲಿಸಿದ ಪ್ರಾರ್ಥನೆ. ಏಳೆಂಟು ನಿಮಿಷ ಆಗುತ್ತದೆ.

ಜಪಸರ ಹೇಳುವ ಕುಟುಂಬಗಳಲ್ಲಿ ಐದು ದಶಕಕ್ಕೆ (ಒಂದು ದಶಕ ಅಂದರೆ ಹತ್ತು ನಮೋ ಮರಿಯ) ಸುಮಾರು ಇಪ್ಪತ್ತು ನಿಮಿಷ ಬೇಕು. ಆರಂಭದ ಮಣಿಗಳೂ ಸೇರಿ 53 ನಮೋ ಮರಿಯ, 6 ಸಲ ಪ್ರಭುವಿನ ಪ್ರಾರ್ಥನೆ. ಕೆಡುವುದು ವೇಗದಲ್ಲಿ. ಮೊದಲರ್ಧ ಹೇಳುವವರು ಮುಗಿಸುವ ಮುಂಚೆಯೇ ಉಳಿದವರು ಎರಡನೇ ಅರ್ಧ ಹಿಡಿದುಬಿಡುತ್ತಾರೆ. ಪ್ರತಿ ದಶಕಕ್ಕೆ ಮುಂಚೆ ಒಂದು ಹೆಸರು, ಒಂದು ಅಗತ್ಯ ಹೇಳಿ ಒಂದು ಉಸಿರಿನಷ್ಟು ನಿಂತರೆ ಆತುರ ತಾನೇ ಇಳಿಯುತ್ತದೆ. ಐದು ದಶಕಕ್ಕೆ ಐದೇ ವಿಷಯ, ಹೆಚ್ಚು ತುರುಕಬೇಡಿ.

ಭಾನುವಾರಶಾಲೆ_ಟೀಚರ್

ಮಕ್ಕಳಿಗೆ: 121ರಲ್ಲಿ ಕಾಲು, ಬಲಗೈ, ಸೂರ್ಯ, ಚಂದ್ರ ಎಲ್ಲ ಇದೆ. ಕೈಸನ್ನೆ ಮಾಡಿಸುತ್ತಾ ಹೇಳಿಕೊಡಿ, ನಾಲ್ಕು ವಾರದಲ್ಲಿ ಎಂಟೂ ವಚನ ಬಾಯಿಗೆ ಬರುತ್ತದೆ, ವಾರಕ್ಕೆ ಎರಡೇ. ಆದರೆ "ಪ್ರಾರ್ಥನೆ ಮಾಡಿದರೆ ನಿನಗೆ ಏನೂ ಆಗಲ್ಲ" ಎಂದು ಮಾತ್ರ ಹೇಳಬೇಡಿ. ಮಗು ಸೈಕಲ್ಲಿಂದ ಬಿದ್ದ ದಿನ ಅದಕ್ಕೆ ಎರಡು ಅನುಮಾನ ಹುಟ್ಟುತ್ತವೆ: ದೇವರು ಇಲ್ಲವೇನೋ, ಇಲ್ಲ ನನ್ನ ಪ್ರಾರ್ಥನೆ ಸರಿಯಿಲ್ಲವೇನೋ. "ಏನಾದರೂ ಆದರೂ ದೇವರು ನಿನ್ನ ಬಿಟ್ಟು ಹೋಗಲ್ಲ, ನಾವೂ ಇರ್ತೀವಿ, ಬಂದು ಹೇಳು" ಅನ್ನಿ. ಯಾರಾದರೂ ಹೆದರಿಸುತ್ತಿದ್ದರೆ ದೊಡ್ಡವರಿಗೆ ಹೇಳುವ ಧೈರ್ಯವೂ ಇದೇ ಮಾತಿನಿಂದ ಬರುತ್ತದೆ.

ಮಲೆನಾಡು_ಸಹೋದರಿ

ತುಂಬ ಉಪಯೋಗವಾಯಿತು. ಇನ್ನೆರಡು. ಒಬ್ಬರೇ ಉದ್ದ ಪ್ರಾರ್ಥಿಸುವುದನ್ನು ನೋಯಿಸದೆ ಹೇಗೆ ತಡೆಯುವುದು? ಆಸ್ಪತ್ರೆಯಲ್ಲಿರುವ ಒಬ್ಬರನ್ನು ಹೋಗಿ ನೋಡಿ ಪ್ರಾರ್ಥಿಸಬೇಕೆಂದೂ ಕೆಲವರು ಹೇಳುತ್ತಿದ್ದಾರೆ. ಅಲ್ಲಿ ಏನು ನೋಡಿಕೊಳ್ಳಬೇಕು?

ಕಾವಲುಗೋಪುರ_ಕೊಡಗು

ಉದ್ದ ಪ್ರಾರ್ಥನೆಗೆ ಮದ್ದು ಚೀಟಿ. ವಿಷಯ ಬರೆದುಕೊಂಡ ಮೇಲೆ ಒಂದೊಂದನ್ನು ಒಬ್ಬೊಬ್ಬರಿಗೆ ಚೀಟಿಯಲ್ಲಿ ಕೊಡಿ, "ನಿಮ್ಮದು ಇದೊಂದೇ" ಎಂದು. ಮೊದಲು ಬಾಯಿಬಿಡುವವರು ಎಂಟು ನಿಮಿಷ ತೆಗೆದುಕೊಂಡು ಎಲ್ಲ ವಿಷಯ ಮುಗಿಸಿದರೆ ಉಳಿದವರಿಗೆ ಹೇಳಲು ಏನೂ ಇರುವುದಿಲ್ಲ, ಮೌನವಾಗುತ್ತಾರೆ, ನಾಲ್ಕು ವಾರದಲ್ಲಿ ಬರುವುದನ್ನೂ ಬಿಡುತ್ತಾರೆ. ಸಂಕೋಚದವರಿಂದ ಶುರು ಮಾಡಿ, ಚೆನ್ನಾಗಿ ಪ್ರಾರ್ಥಿಸುವವರನ್ನು ಕೊನೆಗೆ ಇಡಿ. ಒಂದು ವಾಕ್ಯವಾದರೂ ಸಾಕು. ಪ್ರತಿ ವಿಷಯದ ನಂತರ ಎಲ್ಲರೂ "ಕರ್ತನೇ, ಕಾಪಾಡು" ಅಂದರೆ ಓದು ಬಾರದವರೂ ಪೂರ್ತಿ ಪಾಲುಗೊಂಡ ಹಾಗಾಯಿತು.

ವಿಷಯ ಹಂಚಿಕೊಳ್ಳುವಾಗ ಗುಟ್ಟು ಬಯಲಾಗುವುದು ಇನ್ನೊಂದು ದೊಡ್ಡ ಗಾಯ. "ಇಂಥವರ ಮನೆಯಲ್ಲಿ ಗಂಡ ಹೆಂಡಿರ ಜಗಳ, ಪ್ರಾರ್ಥಿಸೋಣ" ಅನ್ನುವುದು ಪ್ರಾರ್ಥನೆಯ ಬಟ್ಟೆ ಹಾಕಿಕೊಂಡ ಚಾಡಿ. ಸಂಬಂಧಪಟ್ಟವರು ಒಪ್ಪದೆ ಹೆಸರು ಹೇಳಬಾರದು, "ಒಂದು ಕುಟುಂಬ" ಅಂದರೆ ಸಾಕು, ದೇವರಿಗೆ ವಿಳಾಸ ಗೊತ್ತು. ವಾಟ್ಸ್ಆ್ಯಪ್ ಗುಂಪಿಗೆ ಕಾಯಿಲೆಯ ರಿಪೋರ್ಟ್, ಹಾಸಿಗೆಯ ಮೇಲಿನ ಫೋಟೊ ಹಾಕಲೇಬಾರದು.

ಹೊಡೆತ ತಿನ್ನುತ್ತಿರುವ ಹೆಂಗಸು ಪ್ರಾರ್ಥನೆ ಕೇಳಿದರೆ ತಾಳ್ಮೆ ಕೊಡು ಎಂದು ಪ್ರಾರ್ಥಿಸಿ ಅದೇ ಮನೆಗೆ ಕಳಿಸುವುದು ಅನ್ಯಾಯ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆ ರಾತ್ರಿ ಇರಲು ಜಾಗ ಹುಡುಕುವುದು ಕೂಟದ ಕೆಲಸ. ಅಲ್ಲಿ ನೆಹೆಮೀಯನ ಕಾವಲು ಅಂದರೆ ಇದು.

ರೋಗಿಸಂದರ್ಶನ

ಆಸ್ಪತ್ರೆ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಮೊದಲು ರೋಗಿಯನ್ನೂ ಮನೆಯವರನ್ನೂ ಕೇಳಿ, ಬರಬಹುದೇ ಎಂದು. ಇಬ್ಬರು ಸಾಕು, ಗುಂಪು ಕಟ್ಟಿ ಹೋಗಬೇಡಿ. ಕೆಮ್ಮು ನೆಗಡಿ ಇರುವವರು ಮನೆಯಲ್ಲೇ ಪ್ರಾರ್ಥಿಸಲಿ. ಒಳಹೋಗುವ ಮುನ್ನ, ಹೊರಬಂದ ಮೇಲೆ ಎರಡೂ ಸಲ ಕೈ ತೊಳೆಯಿರಿ. ರೋಗಿಯ ಮುಖಕ್ಕೆ ಸಮವಾಗಿ ಕುರ್ಚಿಯಲ್ಲಿ ಕೂತುಕೊಳ್ಳಿ, ಹಾಸಿಗೆಯ ಮೇಲಲ್ಲ. ತಲೆಯ ಮೇಲೆ ಕೈ ಇಡುವುದಕ್ಕೂ ಅನುಮತಿ ಕೇಳಿ, ಸಲೈನ್ ಹಾಕಿದ ಕೈ ಹಿಡಿಯಬೇಡಿ. "ಏನೆಂದು ಪ್ರಾರ್ಥಿಸಲಿ?" ಎಂದು ಕೇಳಿ. ನೀವು ಗುಣವಾಗಲಿ ಅಂದುಕೊಂಡಿರುತ್ತೀರಿ, ಅವರು ನನ್ನ ಮಗನ ಜೊತೆ ಮಾತು ಬಿಟ್ಟಿದ್ದೇನೆ, ಅದು ಸರಿಹೋಗಲಿ ಅನ್ನಬಹುದು. ಪ್ರಾರ್ಥನೆ ಎರಡು ನಿಮಿಷ, ಒಟ್ಟು ಭೇಟಿ ಹತ್ತು ನಿಮಿಷ ಮೀರದಿರಲಿ. ಪ್ರಜ್ಞೆ ಇಲ್ಲದವರ ಮುಂದೆಯೂ ಅವರ ಸ್ಥಿತಿಯ ಬಗ್ಗೆ ಪಿಸುಗುಟ್ಟಬೇಡಿ, ಕೇಳಿಸುತ್ತಿರಬಹುದು.

ಯಾಕೋಬ 5:14ರಂತೆ ಸಭೆಯ ಹಿರಿಯರು ಎಣ್ಣೆ ಹಚ್ಚುವುದಿದ್ದರೆ ಹಣೆಗೆ ಬೆರಳ ತುದಿಯಷ್ಟು. ಆಮ್ಲಜನಕ ಹಾಕಿರುವವರ ಮುಖಕ್ಕೆ ಎಣ್ಣೆ ಬೇಡ, ಹತ್ತಿರ ಮೇಣದಬತ್ತಿಯಂತೂ ಹಚ್ಚಲೇಬಾರದು. ಆಮ್ಲಜನಕ ಹೆಚ್ಚಿರುವಲ್ಲಿ ಬೆಂಕಿ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಕುಡಿಯಲು ಎಣ್ಣೆ, ನೀರು ಕೊಡಬೇಡಿ.

ಮಾತ್ರೆ ನಿಲ್ಲಿಸಿ ನಂಬಿಕೆ ತೋರಿಸಿ ಎಂದು ಯಾರಾದರೂ ಹೇಳಿದರೆ ಅಲ್ಲೇ ಸ್ಪಷ್ಟವಾಗಿ ತಡೆಯಿರಿ. ಇನ್ಸುಲಿನ್, ಫಿಟ್ಸ್ ಮಾತ್ರೆ, ಟಿಬಿ ಔಷಧಿ, ಮಾನಸಿಕ ಕಾಯಿಲೆಯ ಔಷಧಿ ಇವನ್ನು ಹಾಗೆ ಬಿಟ್ಟರೆ ಜೀವಕ್ಕೇ ಅಪಾಯ. ಪೌಲನ ಜೊತೆಗಾರ ಲೂಕನೇ ವೈದ್ಯನಾಗಿದ್ದ (ಕೊಲೊಸ್ಸೆ 4:14).

ದಿನದ_ವಾಕ್ಯ

ಧಾರವಾಡದ ಅಣ್ಣನ ಉತ್ತರ ಒಪ್ಪಿದೆ. ಹಾಗಾದರೆ ಸಾವಾದ ಮನೆಯ ಪ್ರಶ್ನೆ ಉಳಿಯಿತಲ್ಲ. ಆ ಮನೆಯವರೂ ಪ್ರಾರ್ಥಿಸಿರುತ್ತಾರೆ. ಅವರ ಮುಂದೆ "ನಿನ್ನನ್ನು ಎಲ್ಲಾ ಕೇಡಿನಿಂದ ಕಾಯುವನು" ಎಂಬ ಏಳನೇ ವಚನ ಹೇಗೆ ಓದುವುದು?

ವೇದಪಾಠ_ಧಾರವಾಡ

ಆ ಮನೆಯಲ್ಲಿ ಮೊದಲ ಭೇಟಿಗೇ 121 ಬೇಡ ಎಂಬುದು ನನ್ನ ಅಭಿಪ್ರಾಯ. 13ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ, ಮೊದಲೆರಡರಲ್ಲಿ ನಾಲ್ಕು ಸಲ "ಎಷ್ಟರವರೆಗೆ" ಎಂಬ ಮೊರೆ, ಕೊನೆಯಲ್ಲಿ ಭರವಸೆಗೆ ತಿರುಗುತ್ತದೆ. ಆ ತಿರುವಿಗೂ ಅವರು ಇನ್ನೂ ಸಿದ್ಧರಿಲ್ಲ ಅನ್ನಿಸಿದರೆ 88 ಓದಿ. ಅದು ಕತ್ತಲೆಯ ಮಾತಿನಿಂದಲೇ ಮುಗಿಯುತ್ತದೆ, ಸಮಾಧಾನದ ಸಾಲು ಅಂಟಿಸಿಲ್ಲ. ಅಂಥ ಪ್ರಾರ್ಥನೆಗೂ ಸತ್ಯವೇದದಲ್ಲಿ ಜಾಗ ಇದೆ ಎಂದು ಕೇಳಿದಾಗ ನೊಂದವರಿಗೆ ಉಸಿರಾಡಲು ಆಗುತ್ತದೆ.

ಇನ್ನು ಅಪೊಸ್ತಲರ ಕೃತ್ಯಗಳು 12. ಸೆರೆಮನೆಯಿಂದ ಪೇತ್ರನ ಬಿಡುಗಡೆಯ ಅಧ್ಯಾಯ ಎಂದೇ ಎಲ್ಲರಿಗೂ ಗೊತ್ತು. ನಾಲ್ವರ ನಾಲ್ಕು ತಂಡ, ಹದಿನಾರು ಸಿಪಾಯಿಗಳ ಕಾವಲು. ಇತ್ತ ಸಭೆ ಕೂಡಿ ಪ್ರಾರ್ಥಿಸುತ್ತಿತ್ತು. ಪೇತ್ರ ಬಂದು ಬಾಗಿಲು ತಟ್ಟಿದಾಗ ಸೇವಕಿ ರೋದೆ ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡಿದಳು, ಒಳಗಿದ್ದವರು ನಿನಗೆ ಹುಚ್ಚು ಅಂದರು. ಆದರೆ ಅದೇ ಅಧ್ಯಾಯದ ಎರಡನೇ ವಚನದಲ್ಲಿ ಯೋಹಾನನ ಅಣ್ಣ ಯಾಕೋಬನನ್ನು ಹೆರೋದ ಕತ್ತಿಯಿಂದ ಕೊಲ್ಲಿಸಿದ್ದಾನೆ. ಒಬ್ಬ ಉಳಿದ, ಒಬ್ಬ ಹೋದ. ಯಾಕೆ ಎಂದು ಲೂಕ ಬರೆಯುವುದಿಲ್ಲ. ಯಾಕೋಬನ ನಂಬಿಕೆ ಕಡಿಮೆಯಿತ್ತು ಎಂದಾಗಲಿ, ಸಭೆ ಸರಿಯಾಗಿ ಪ್ರಾರ್ಥಿಸಲಿಲ್ಲ ಎಂದಾಗಲಿ ಒಂದಕ್ಷರವಿಲ್ಲ. ಲೂಕ ಬರೆಯದ ಕಾರಣವನ್ನು ನಾವು ದುಃಖದ ಮನೆಯಲ್ಲಿ ಕೂತು ಹೇಳಬಾರದು. ಉರಿಯುವ ಕುಲುಮೆಗೆ ಹಾಕಿಸುತ್ತೇನೆಂದ ರಾಜನಿಗೆ ಆ ಮೂವರೂ ನಮ್ಮ ದೇವರು ಬಿಡಿಸಬಲ್ಲನು, ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳೆವು ಅಂದರು (ದಾನಿಯೇಲ 3:17–18). ಆ ಎರಡನೇ ಮಾತೂ ನಂಬಿಕೆಯದೇ.

ಏಳನೇ ವಚನಕ್ಕೆ ಬಂದರೆ, ರೋಮಾಪುರ 8:35ರಿಂದ ಓದಿ. ಪೌಲ ಅಲ್ಲಿ ಕ್ಷಾಮವನ್ನೂ ಗಂಡಾಂತರವನ್ನೂ ಕತ್ತಿಯನ್ನೂ ಎಣಿಸುತ್ತಾನೆ. ಅವು ಬರುವುದಿಲ್ಲ ಅನ್ನುವುದಿಲ್ಲ, ಮರಣವೂ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಬೇರೆ ಮಾಡದು ಅನ್ನುತ್ತಾನೆ. ಕ್ರೈಸ್ತರು ಏಳನೇ ವಚನವನ್ನು ಆ ಬೆಳಕಿನಲ್ಲಿ ಓದುತ್ತಾರೆ. ಆದರೆ ಇದನ್ನು ವಾದ ಮಾಡಿ ಗೆಲ್ಲುವ ಹಾಗೆ ಹೇಳಬೇಡಿ. ಆ ಮನೆಯವರೇ ಕೇಳಿದರೆ ಹೇಳಿ.

ರೋಗಿಸಂದರ್ಶನ

ಇದಕ್ಕೆ ಪೂರ್ತಿ ಸಹಮತ. ಆ ಮನೆಯಲ್ಲಿ ಹೇಳಬಾರದ ಮಾತುಗಳು: "ದೇವರಿಗೆ ಅವರು ಬೇಕಾಗಿತ್ತು", "ಎಲ್ಲಾ ಒಳ್ಳೆಯದಕ್ಕೇ", "ಅಳಬೇಡಿ, ಸಾಕ್ಷಿ ಕೆಡುತ್ತದೆ". ಲಾಜರನ ಸಮಾಧಿಯ ಮುಂದೆ ಯೇಸುವೇ ಕಣ್ಣೀರಿಟ್ಟರು. ತೀರಿಕೊಂಡವರ ಹೆಸರು ಹೇಳಿ ಪ್ರಾರ್ಥಿಸಿ, ಹೆಸರು ತಪ್ಪಿಸಿಕೊಂಡು ಮಾತಾಡುವುದು ಅವರಿಗೆ ಇನ್ನೂ ನೋವು. ಆ ಗುರುವಾರ ಅವರಿಂದ ಕಾಫಿ, ತಿಂಡಿ ಏನೂ ನಿರೀಕ್ಷಿಸದೆ ಊಟ ನೀವೇ ತೆಗೆದುಕೊಂಡು ಹೋಗಿ. ಜನ ಕಡಿಮೆಯಾಗುವುದು ತಿಂಗಳಾದ ಮೇಲೆ. ಹಾಗಾಗಿ ಮೂರನೇ ತಿಂಗಳು, ಮೊದಲ ಕ್ರಿಸ್ಮಸ್, ವರ್ಷದ ದಿನ ಇವನ್ನು ಈಗಲೇ ಪ್ರಾರ್ಥನಾ ವಿಷಯ ಬರೆಯುವ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.

ಮಲೆನಾಡು_ಸಹೋದರಿ

ಹಾಗಾದರೆ ಕ್ರಮ ಬದಲಿಸುತ್ತೇವೆ. ಮೊದಲ ವಾರ 121. ಎರಡನೆಯದು ನೆಹೆಮೀಯ 4, ತೋಟದವರ ಮನೆಯಲ್ಲಿ. ಮೂರನೇ ವಾರ ಆ ದುಃಖದ ಮನೆಯಲ್ಲಿ 13ನೇ ಕೀರ್ತನೆ, ಪ್ರಸಂಗವಿಲ್ಲ, ಹಾಡೂ ಅವರು ಆರಿಸಿದ್ದೇ. ಕೊನೆಯ ವಾರ ಅಪೊಸ್ತಲರ ಕೃತ್ಯಗಳು 12. ಪುಸ್ತಕದಲ್ಲಿ ಏನೇನು ಬರೆಯಬೇಕು?

ಕಾವಲುಗೋಪುರ_ಕೊಡಗು

ಐದು ಕಾಲಂ: ದಿನಾಂಕ, ಯಾರಿಗಾಗಿ, ಏನು ಕೇಳಿದೆವು, ನಾವು ಒಪ್ಪಿಕೊಂಡ ಕಾವಲು, ಅದನ್ನು ಮಾಡುವವರು. ಪುಸ್ತಕ ಒಬ್ಬರ ಬಳಿಯೇ ಇರಲಿ, ಫೋಟೊ ತೆಗೆಯುವುದು ಬೇಡ. "ಉತ್ತರ ಸಿಕ್ಕಿತು" ಎಂಬ ಕಾಲಂ ಹಾಕಬೇಡಿ. ಅದು ಖಾಲಿ ಉಳಿದವರಿಗೆ ಪ್ರತಿ ವಾರ ಚುಚ್ಚುತ್ತದೆ. ಪ್ರತಿ ಕೂಟದ ಶುರುವಿನಲ್ಲಿ ಹಿಂದಿನ ವಾರದ ಪುಟ ತೆಗೆದು ಒಪ್ಪಿಕೊಂಡ ಕೆಲಸ ಆಯಿತೇ ಎಂದು ಎರಡು ನಿಮಿಷ ಕೇಳಿ. ಆಗದಿದ್ದರೆ ಮತ್ತೆ ಹೆಸರು ಬರೆಯಿರಿ.